ದೂರದ ದನಿ ಮನೆಯೊಳಗೆ ಬರುವ ಬಗೆ

ದೂರದಲ್ಲಿರುವ ತನ್ನವರೊಡನೆ ಮಾತನಾಡಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿ, ಠಾಣೆಗಳ ಕಡೆಗೆ ಬಂದು ನೆಲೆಸಿದ ಕಾಲದಲ್ಲಿ ಅಂಚೆಯ ಕಾಗದವೊಂದೇ ಅವರಿಗೆ ಆಧಾರವಾಗಿದ್ದಿತು. ತೀರ ಜರೂರು ಸಂಗತಿಯಿದ್ದರೆ ಟ್ರಂಕ್ ಕಾಲ್ ನೋಂದಾಯಿಸಿ, ಗಂಟೆಗಟ್ಟಲೆ ಕಾದು, ಮೂರು ನಿಮಿಷಗಳಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸುತ್ತಿದ್ದರು. 1960ರ ನವೆಂಬರಿನಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ, ಆಪರೇಟರನ ನೆರವಿಲ್ಲದೆ ನೇರವಾಗಿ ಕರೆಮಾಡುವ ಎಸ್.ಟಿ.ಡಿ. ಪದ್ಧತಿ ನಮ್ಮ ದೇಶದಲ್ಲಿ ಮೊದಲಾಯಿತು. ನಾವು ಬಾಲ್ಯದಲ್ಲಿ ತಂದೆಯವರ ಕೈಹಿಡಿದು ಇಂಥ ಎಸ್.ಟಿ.ಡಿ. ಅಂಗಡಿಯ ಮುಂದೆ ರಾತ್ರಿಯ ಹೊತ್ತು ಸರದಿಯಲ್ಲಿ ನಿಂತುದುಂಟು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲದ ಸೌಲಭ್ಯವನ್ನು ತೆರೆಯಿತು. ಇಂದು ಕಳವಾದ ಚಾಳಿನ ಒಂದು ಕೋಣೆಯಲ್ಲಿ ಕುಳಿತ ಮಗುವು ವಿಜಯಪುರದ ಹಳ್ಳಿಯಲ್ಲಿರುವ ಅಜ್ಜಿಯ ಮುಖವನ್ನು ನೋಡುತ್ತ ಮಾತನಾಡುತ್ತದೆ.

ಆದರೆ ಕೆಲವೊಮ್ಮೆ ಒಂದು ವಿಚಿತ್ರ ನಡೆಯುವುದು. ಗಂಟೆ ಬಾರಿಸುತ್ತದೆ, ಹೆಸರು ಕಾಣುತ್ತದೆ, ಆದರೆ ದನಿ ಬಾರದು, ಚಿತ್ರ ಮೂಡದು. ಅಂತರ್ಜಾಲ ಸರಿಯಾಗಿಯೇ ಇರುತ್ತದೆ. ಚಲನಚಿತ್ರ ನೋಡಬಹುದು, ಪತ್ರಿಕೆ ಓದಬಹುದು. ಮಾತು ಮಾತ್ರ ನಡೆಯದು. ಇದಕ್ಕೆ ಕಾರಣವಾದರೂ ಏನು? ಇದರ ಪರಿಹಾರವೇನು? ಇದನ್ನು ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ. ಈ ವಿಷಯವನ್ನು ನಾವು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಕನ್ನಡ ಕಲಿಸುವ ವೃತ್ತಿಗೆ ಬಂದವರು. ನಮ್ಮಿಂದ ಒಂದು ತಪ್ಪು ನಡೆದುದರಿಂದ ಇದನ್ನು ಕಲಿಯಬೇಕಾಯಿತು. ಮೊದಲು ಆ ತಪ್ಪನ್ನೇ ಹೇಳುವೆವು.

ಒಬ್ಬ ಹುಡುಗನ ಮೌನ

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಕಟ್ಟಡದ ಕೆಲಸ ನಿಂತುಹೋದುದರಿಂದ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆಯವರು ಕುಟುಂಬವನ್ನು ಕರೆದುಕೊಂಡು ವಿಜಯಪುರ ಜಿಲ್ಲೆಯ ತಮ್ಮ ಹಳ್ಳಿಗೆ ಹೊರಟುಹೋದರು. ಪಾಠಗಳು ಮೊಬೈಲಿನ ಮೂಲಕ ನಡೆಯತೊಡಗಿದವು. ತರಗತಿಯೆಲ್ಲ ಒಟ್ಟಾಗಿ ಸೇರುವ ಪಾಠಗಳಲ್ಲಿ ತೊಂದರೆಯಿರಲಿಲ್ಲ. ಆದರೆ ಒಬ್ಬೊಬ್ಬರಿಂದಲೇ ಪಾಠ ಓದಿಸಿ ಗುಣ ಕೊಡಬೇಕಾಗಿದ್ದಿತು. ಅದಕ್ಕಾಗಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಒಂದು ಚಿಕ್ಕ ಕರೆಯ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಟ್ಟಿದ್ದರು. ನಿಗದಿಯಾದ ಹೊತ್ತಿಗೆ ಹುಡುಗನು ಬರುವುದು, ನಾವು ಕೇಳುವುದು, ಹೀಗೆ ಏರ್ಪಾಡಾಗಿದ್ದಿತು.

ಇಲ್ಲಿಯೇ ಇದ್ದ ಮಕ್ಕಳ ದನಿ ಬಹುಮಟ್ಟಿಗೆ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಅವರು ಕೂಡಲೇ ಸಾದಾ ಫೋನು ಮಾಡಿ ತಿಳಿಸುತ್ತಿದ್ದರು. ನಾವು ಫೋನಿನಲ್ಲಿಯೇ ಓದಿಸಿಬಿಡುತ್ತಿದ್ದೆವು. ಈ ಹುಡುಗನ ಹೆಸರು ಮಾತ್ರ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಬರುವುದು. ಆಮೇಲೆ ಸದ್ದೇ ಇಲ್ಲ. ಹೀಗೆ ಮೂರು ದಿನ ಆಯಿತು. ಹೆಸರು ತೋರಿಸಿ ಫೋನನ್ನು ಅತ್ತ ಇಟ್ಟು ಆಡಲು ಹೋಗಿರಬೇಕೆಂದು ನಾವು ಭಾವಿಸಿದೆವು. ‘ಉತ್ತರ ಕೊಡಲಿಲ್ಲ’ ಎಂದು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದೆವು. ನಾಲ್ಕನೆಯ ದಿನ ತಂದೆಯವರಿಗೆ ದೂರು ಹೇಳಲು ಫೋನು ಮಾಡಿದಾಗ ಹುಡುಗನೇ ಮಾತನಾಡಿದನು. “ಸರ್, ಮೂರು ದಿನಾನೂ ನಾ ಪಾಠ ಪೂರ್ತಿ ಓದೀನ್ರೀ. ನೀವು ಸುಮ್ನ ಕುಂತು ಕೇಳಾಕತ್ತೀರಿ ಅಂತ ತಿಳಿದಿದ್ದೆ” ಎಂದನು.

ಮೂರು ದಿನ ಆ ಹುಡುಗನು ಯಾರಿಗೂ ಕೇಳಿಸದ ಪಾಠವನ್ನು ಓದಿದ್ದನು. ಗುರುಗಳು ಕೇಳುತ್ತಿದ್ದಾರೆಂಬ ನಂಬಿಕೆಯಿಂದ ತಪ್ಪು ಬಂದಲ್ಲಿ ತಿದ್ದಿಕೊಂಡು ಮತ್ತೆ ಓದಿದೆನೆಂದೂ ಹೇಳಿದನು. ನಾವು ಬಹಳ ನಾಚಿದೆವು. ಆ ದನಿ ಎಲ್ಲಿ ನಿಂತುಹೋಯಿತೆಂಬುದನ್ನು ತಿಳಿಯದೆ ಬಿಡಬಾರದೆಂದು ನಿಶ್ಚಯಿಸಿದೆವು.

ವಿಳಾಸಗಳ ಅಭಾವ

ಅಂತರ್ಜಾಲದಲ್ಲಿ ಮಾತು ಎಂಬುದು ತಂತಿಯ ಮೇಲೆ ಎಡೆಬಿಡದೆ ಹರಿದುಹೋಗುವ ವಸ್ತುವಲ್ಲ. ಯಂತ್ರವು ನಮ್ಮ ದನಿಯನ್ನು ತುಣುಕು ತುಣುಕಾಗಿ ಕತ್ತರಿಸಿ, ಒಂದೊಂದನ್ನು ಒಂದೊಂದು ಲಕೋಟೆಯಲ್ಲಿಟ್ಟು ಕಳುಹಿಸುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತಿಗೆ ಐವತ್ತು ಲಕೋಟೆಗಳು. ಇವನ್ನು ಪ್ಯಾಕೆಟ್ ಎನ್ನುವರು. ಪ್ರತಿ ಲಕೋಟೆಯ ಮೇಲೆಯೂ ಕಳುಹಿಸುವವನ ಮತ್ತು ಪಡೆಯುವವನ ವಿಳಾಸಗಳಿರಬೇಕು. ಇದಕ್ಕೆ ಐಪಿ ವಿಳಾಸವೆಂದು ಹೆಸರು.

ಬಹುಕಾಲದಿಂದ ಬಳಕೆಯಲ್ಲಿರುವ ವಿಳಾಸವು ನಾಲ್ಕು ಸಂಖ್ಯೆಗಳ ಗುಂಪು; ಒಂದೊಂದೂ 0ಯಿಂದ 255ರವರೆಗೆ ಇರಬಹುದು. ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಒಟ್ಟು 4,29,49,67,296 ವಿಳಾಸಗಳಾಗುತ್ತವೆ. ಲೋಕದ ಜನಸಂಖ್ಯೆಯೇ 800 ಕೋಟಿಯನ್ನು ದಾಟಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳಿರುವುದೂ ಉಂಟು. ಹೀಗಿರುವಲ್ಲಿ ಎಲ್ಲರಿಗೂ ವಿಳಾಸ ಎಲ್ಲಿಂದ ಬರಬೇಕು? 2011ರ ಫೆಬ್ರುವರಿ 3ರಂದು ಲೋಕದ ಕೇಂದ್ರ ಭಂಡಾರದಲ್ಲಿದ್ದ ಕೊನೆಯ ವಿಳಾಸ ಸಮೂಹಗಳನ್ನು ಹಂಚಲಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಏಷ್ಯಾ ಖಂಡಕ್ಕೆ ವಿಳಾಸ ಹಂಚುವ ಸಂಸ್ಥೆಯ ಭಂಡಾರವೂ ಬರಿದಾಗುತ್ತ ಬಂದು, ಪಡಿತರದಂತೆ ಹಂಚುವ ನಿಯಮ ಜಾರಿಗೆ ಬಂದಿತು.

ಈ ಕೊರತೆಯನ್ನು ಮುಂದಾಗಿಯೇ ಕಂಡ ತಜ್ಞರು ಒಂದು ಉಪಾಯವನ್ನು ಹೂಡಿದ್ದರು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಇದರ ವಿವರಣೆಯನ್ನು ಪ್ರಕಟಿಸಿದರು. ಇದಕ್ಕೆ ನ್ಯಾಟ್ ಎಂಬ ಹೆಸರು ಬಂದಿದೆ; ವಿಳಾಸವನ್ನು ಬದಲಿಸಿ ಬರೆಯುವುದೆಂದು ಅರ್ಥ. ಮನೆಯ ಹೊರಗೆ ಒಂದೇ ವಿಳಾಸ. ಒಳಗಿರುವ ಯಂತ್ರಗಳಿಗೆ ಮನೆಯ ಮಟ್ಟಿನ ಖಾಸಗಿ ವಿಳಾಸಗಳು. 192.168 ಎಂದು ಮೊದಲಾಗುವ ಸಂಖ್ಯೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಇಂಥ ಖಾಸಗಿ ವಿಳಾಸ. ಈ ಬದಲಾವಣೆಯ ಕೆಲಸವನ್ನು ಮಾಡುವುದು ಗೋಡೆಗೆ ತೂಗುಹಾಕಿರುವ ರೌಟರ್ ಎಂಬ ಚಿಕ್ಕ ಪೆಟ್ಟಿಗೆ.

ವಾಚ್‌ಮನ್ನನ ಪುಸ್ತಕ

ರೌಟರು ಮಾಡುವ ಕೆಲಸವನ್ನು ತಿಳಿಯಲು ನಮ್ಮ ಸೊಸೈಟಿಯ ಗೇಟನ್ನು ನೆನೆಯಿರಿ. ಗೇಟಿನಲ್ಲಿ ವಾಚ್‌ಮನ್ ಕುಳಿತಿದ್ದಾನೆ. ಅವನ ಮುಂದೆ ಒಂದು ಪುಸ್ತಕವಿದೆ. ಒಳಗಿನವರು ಹೊರಗೆ ಕಾಗದ ಕಳುಹಿಸುವಾಗ ಅವನು ಅದರ ಮೇಲಿನ ಖೋಲಿ ನಂಬರನ್ನು ಅಳಿಸಿ, ಸೊಸೈಟಿಯ ವಿಳಾಸವನ್ನೂ ಒಂದು ಟೋಕನ್ ನಂಬರನ್ನೂ ಬರೆಯುತ್ತಾನೆ. ‘ಟೋಕನ್ 40,512 ಎಂದರೆ ಬಿ ವಿಂಗಿನ 12ನೆಯ ಖೋಲಿ’ ಎಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಟೋಕನ್ ನೋಡಿ ಆ ಖೋಲಿಗೆ ತಲಪಿಸುತ್ತಾನೆ. ಈ ಟೋಕನ್ನಿಗೆ ಪೋರ್ಟ್ ಎಂದು ಹೆಸರು. 65,535ರವರೆಗೆ ಇದರ ಸಂಖ್ಯೆಗಳಿವೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಹೊರಗೆ ಹೋದ ಕಾಗದಕ್ಕೆ ಉತ್ತರವಾಗಿ ಬಂದುದನ್ನು ಮಾತ್ರ ವಾಚ್‌ಮನ್ ಒಳಗೆ ಬಿಡುತ್ತಾನೆ. ಯಾರೂ ಕೇಳದೆ ತಾನಾಗಿ ಬಂದ ಲಕೋಟೆ ಯಾರಿಗೆಂದು ಅವನ ಪುಸ್ತಕದಲ್ಲಿ ಇರುವುದಿಲ್ಲ. ಆದುದರಿಂದ ಅದನ್ನು ಎಸೆದುಬಿಡುತ್ತಾನೆ. ಪತ್ರಿಕೆ ಓದುವಾಗ, ಚಲನಚಿತ್ರ ನೋಡುವಾಗ ಮೊದಲು ಕೇಳುವವರು ನಾವೇ, ಬರುವುದೆಲ್ಲ ಉತ್ತರವೇ, ಅಡ್ಡಿಯಿಲ್ಲ. ಮಾತಿನಲ್ಲಿ ಹಾಗಲ್ಲ. ಇಬ್ಬರೂ ಇಬ್ಬರಿಗೂ ಕಳುಹಿಸಬೇಕು. ಇಬ್ಬರ ಗೇಟಿನಲ್ಲಿಯೂ ವಾಚ್‌ಮನ್ ಇದ್ದಾನೆ. ಇವನ ಲಕೋಟೆಯನ್ನು ಅವನು ಎಸೆಯುತ್ತಾನೆ, ಅವನದನ್ನು ಇವನು ಎಸೆಯುತ್ತಾನೆ. ಲಕೋಟೆಯಲ್ಲಿದ್ದ ದನಿ ಗೇಟಿನಲ್ಲಿಯೇ ಉಳಿಯುತ್ತದೆ.

ಹಾಗಾದರೆ ಹುಡುಗನ ಹೆಸರು ನಮಗೆ ಕಂಡುದು ಹೇಗೆ? ಕರೆಯಲ್ಲಿ ಎರಡು ದಾರಿಗಳಿವೆ. ‘ಇಂಥವರು ಬಂದಿದ್ದಾರೆ, ಇಂಥವರು ಕರೆಯುತ್ತಿದ್ದಾರೆ’ ಎಂಬ ಸುದ್ದಿಯು ಇಬ್ಬರಿಗೂ ಹೊರಗಿರುವ ಒಂದು ಸರ್ವರಿನ ಮೂಲಕ ಸಾಗುತ್ತದೆ. ಆ ಸರ್ವರಿಗೆ ಇಬ್ಬರೂ ತಾವಾಗಿಯೇ ಮೊದಲು ಬರೆದಿರುವುದರಿಂದ ಅಲ್ಲಿ ತಡೆಯಿಲ್ಲ. ದನಿ ಮತ್ತು ಚಿತ್ರಗಳು ಮಾತ್ರ ಬೇಗ ತಲಪಲೆಂದು ಒಂದು ಮನೆಯಿಂದ ಇನ್ನೊಂದು ಮನೆಗೆ ನೇರವಾಗಿ ಹೋಗಲು ಯತ್ನಿಸುತ್ತವೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲಪಲು 150 ಮಿಲಿಸೆಕೆಂಡುಗಳಿಗಿಂತ ಹೆಚ್ಚು ತಡವಾದರೆ ಸಂಭಾಷಣೆಯ ಲಯ ಕೆಡತೊಡಗುವುದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಭಿಪ್ರಾಯ. ಆದುದರಿಂದಲೇ ಈ ನೇರ ದಾರಿಯ ಆಸೆ. ನಮ್ಮ ಹುಡುಗನ ಹೆಸರು ಮೊದಲನೆಯ ದಾರಿಯಲ್ಲಿ ಬಂದಿತು. ದನಿಯು ಎರಡನೆಯ ದಾರಿಯಲ್ಲಿ ಸಿಕ್ಕಿಬಿದ್ದಿತು. ತರಗತಿಯೆಲ್ಲ ಸೇರುವ ಪಾಠದಲ್ಲಿ ಎಲ್ಲರ ದನಿಯೂ ನಡುವಣ ಸರ್ವರಿನ ಮೂಲಕವೇ ಬರುವುದರಿಂದ ಅಲ್ಲಿ ಈ ತೊಂದರೆ ಕಾಣಲಿಲ್ಲ.

ಗೇಟನ್ನು ದಾಟುವ ಉಪಾಯಗಳು

ತಜ್ಞರು ಇದಕ್ಕೂ ದಾರಿ ಕಂಡುಹಿಡಿದಿದ್ದಾರೆ. ಮೊದಲನೆಯದು ಸ್ಟನ್ ಎಂಬ ಪದ್ಧತಿ. 2003ರಲ್ಲಿ ಇದರ ನಿಯಮಗಳು ಪ್ರಕಟವಾದವು. ಒಳಗಿರುವವನಿಗೆ ತನ್ನ ಖೋಲಿ ನಂಬರು ಗೊತ್ತು. ಆದರೆ ಹೊರಗಿನವರಿಗೆ ತನ್ನ ವಿಳಾಸ ಹೇಗೆ ಕಾಣುವುದೆಂದು ತಿಳಿಯದು. ಆದುದರಿಂದ ಅವನು ಹೊರಗಿನ ಒಬ್ಬ ಪರಿಚಿತನಿಗೆ, ‘ನನ್ನ ಲಕೋಟೆಯ ಮೇಲೆ ಯಾವ ವಿಳಾಸ, ಯಾವ ಟೋಕನ್ ಇದೆ?’ ಎಂದು ಬರೆದು ಕೇಳುತ್ತಾನೆ. ಉತ್ತರ ಬಂದಮೇಲೆ ಆ ವಿಳಾಸವನ್ನು ಗೆಳೆಯನಿಗೆ ತಿಳಿಸುತ್ತಾನೆ. ಗೆಳೆಯನೂ ಹಾಗೆಯೇ ಮಾಡುತ್ತಾನೆ. ಬಳಿಕ ಇಬ್ಬರೂ ಸುಮಾರಾಗಿ ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಲಕೋಟೆಗಳನ್ನು ಕಳುಹಿಸುತ್ತಾರೆ. ಮೊದಲ ಒಂದೆರಡು ಲಕೋಟೆ ವ್ಯರ್ಥವಾದರೂ ಆಗಬಹುದು. ಆದರೆ ಇಬ್ಬರೂ ಬರೆದುದರಿಂದ ಇಬ್ಬರ ಗೇಟಿನ ಪುಸ್ತಕದಲ್ಲಿಯೂ ಗುರುತು ಬೀಳುತ್ತದೆ. ಮುಂದೆ ಬಂದುದನ್ನು ಎರಡೂ ಕಡೆಯ ವಾಚ್‌ಮನ್ನರು ‘ಇದು ಉತ್ತರ’ವೆಂದು ಬಗೆದು ಒಳಗೆ ಬಿಡುತ್ತಾರೆ.

ಗೇಟಿನ ಪುಸ್ತಕದಲ್ಲಿ ಬಿದ್ದ ಗುರುತು ಬಹಳ ಹೊತ್ತು ಉಳಿಯುವುದಿಲ್ಲ. ಸುಮ್ಮನಿದ್ದರೆ ಕೆಲವು ರೌಟರುಗಳು ಅರ್ಧ ನಿಮಿಷದಲ್ಲಿಯೇ ಅಳಿಸಿಬಿಡುತ್ತವೆ. ಆದುದರಿಂದ ಮಾತಿಲ್ಲದ ಹೊತ್ತಿನಲ್ಲಿಯೂ ಸುಮಾರು ಹದಿನೈದು ಸೆಕೆಂಡಿಗೊಮ್ಮೆ ಒಂದು ಬರಿಯ ಲಕೋಟೆಯನ್ನು ಕಳುಹಿಸುತ್ತ ದಾರಿಯನ್ನು ತೆರೆದಿಡುವರು.

ಆದರೆ ಕೆಲವು ವಾಚ್‌ಮನ್ನರು ಇನ್ನೂ ಕಟ್ಟುನಿಟ್ಟು. ಅವರು ಒಬ್ಬೊಬ್ಬ ಹೊರಗಿನವನಿಗೂ ಬೇರೆ ಬೇರೆ ಟೋಕನ್ ಕೊಡುತ್ತಾರೆ. ಪರಿಚಿತನಿಗೆ ಬರೆದಾಗ ಕೊಟ್ಟ ಟೋಕನ್ ಒಂದು, ಗೆಳೆಯನಿಗೆ ಬರೆಯುವಾಗ ಕೊಡುವುದು ಇನ್ನೊಂದು. ಹೀಗಾದಾಗ ಪರಿಚಿತನು ಹೇಳಿದ ವಿಳಾಸ ನಿರುಪಯೋಗಿಯಾಗುವುದು. ಮೊಬೈಲ್ ಕಂಪನಿಗಳ ದೊಡ್ಡ ನ್ಯಾಟ್ ವ್ಯವಸ್ಥೆಗಳಲ್ಲಿ ಇದು ಪದೇಪದೇ ಕಂಡುಬರುತ್ತದೆ. ಒಂದು ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಅಗತ್ಯ ಕಂಪನಿಗಳಿಗೂ ಬಂದಿದೆ. ಇದಕ್ಕಾಗಿಯೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಾಗಿಡಲಾಯಿತು. ನಮ್ಮ ಸೊಸೈಟಿಯ ಗೇಟಿನ ಹೊರಗೆ ಇಡೀ ಕಾಲೊನಿಗೆ ಇನ್ನೊಂದು ಗೇಟು ಇದ್ದಂತೆ ಇದು. ಆ ಎರಡನೆಯ ವಾಚ್‌ಮನ್ ನಮ್ಮ ಮಾತು ಕೇಳುವವನಲ್ಲ.

ಇಂಥಲ್ಲಿ ಟರ್ನ್ ಎಂಬ ಪದ್ಧತಿಯೇ ಗತಿ. ಇಬ್ಬರಿಗೂ ಹೊರಗಿರುವ ಒಂದು ಸರ್ವರಿಗೆ ಇಬ್ಬರೂ ತಾವಾಗಿ ಬರೆಯುವರು. ಅದು ಇವನದನ್ನು ಅವನಿಗೆ, ಅವನದನ್ನು ಇವನಿಗೆ ದಾಟಿಸುವುದು. ಖಾಡಿಯ ಎರಡು ದಡದವರ ಗಂಟುಗಳನ್ನು ದಾಟಿಸುವ ದೋಣಿಯವನಂತೆ ಇದರ ಕೆಲಸ. ದಾರಿ ಸ್ವಲ್ಪ ಸುತ್ತು. ಎಲ್ಲ ಲಕೋಟೆಗಳೂ ಅಲ್ಲಿಂದಲೇ ಹಾದುಹೋಗುವುದರಿಂದ ಸರ್ವರನ್ನು ಇಟ್ಟವರಿಗೆ ಖರ್ಚು ಹೆಚ್ಚು. ಆದರೆ ದನಿ ತಪ್ಪದೆ ತಲಪುವುದು. ದನಿಯನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವ ಕರೆಗಳಲ್ಲಿ ಈ ದೋಣಿಯವನಿಗೆ ಒಳಗಿನ ಮಾತು ತಿಳಿಯುವುದಿಲ್ಲವೆಂಬುದೂ ನೆನಪಿರಲಿ. ಮನೆಯೊಳಗಿನ ದಾರಿ, ನೇರ ದಾರಿ, ಸುತ್ತಿನ ದಾರಿ, ಇವನ್ನೆಲ್ಲ ಪರೀಕ್ಷಿಸಿ ಒಳ್ಳೆಯದನ್ನು ಆರಿಸುವ ಪದ್ಧತಿಗೆ ಐಸ್ ಎನ್ನುವರು. ಇದರ ನಿಯಮಗಳೂ ಟರ್ನಿನ ನಿಯಮಗಳೂ 2010ರ ಏಪ್ರಿಲಿನಲ್ಲಿ ಹೊರಬಂದವು.

ಈ ದಾಟಿಸುವಿಕೆಯನ್ನು ಬಹು ಮೊದಲೇ ಜನಪ್ರಿಯಗೊಳಿಸಿದುದು 2003ರಲ್ಲಿ ಹೊರಬಂದ ಸ್ಕೈಪ್. ಮೊದಮೊದಲು ಅದು ತನ್ನ ಬಳಕೆದಾರರಲ್ಲಿಯೇ ಗೇಟಿನ ತಡೆಯಿಲ್ಲದವರ ಕಂಪ್ಯೂಟರುಗಳನ್ನು ನಡುವಣ ನೆರವಿಗೆ ಬಳಸಿಕೊಳ್ಳುತ್ತಿದ್ದಿತು. ಪರದೇಶದಲ್ಲಿದ್ದ ಎಷ್ಟೋ ಮಕ್ಕಳ ದನಿಯನ್ನು ತಾಯ್ತಂದೆಯರಿಗೆ ಕೇಳಿಸಿದ ಆ ಸೇವೆ 2025ರ ಮೇ ತಿಂಗಳಲ್ಲಿ ನಿಂತುಹೋಯಿತು.

ನಮ್ಮ ಮನೆಯಲ್ಲಿ ಕಂಡುದು

ಈಗ ನಮ್ಮ ಕಥೆಗೆ ಹಿಂತಿರುಗುವೆವು. ಹಳೆಯ ವಿದ್ಯಾರ್ಥಿಯವರು ಸಂಗತಿ ಕೇಳಿ, “ಸರ್, ಒಂದು ಸಲ ಮನೆಯ ವೈಫೈ ನಿಲ್ಲಿಸಿ, ನಿಮ್ಮ ಮೊಬೈಲಿನ ಡೇಟಾದಿಂದಲೇ ಕರೆಮಾಡಿ ನೋಡಿ” ಎಂದರು. ಹಾಗೆ ಮಾಡಿದೊಡನೆ ಹುಡುಗನ ದನಿಯೂ, ಹಿಂದೆ ಕೂಗುತ್ತಿದ್ದ ಕೋಳಿಯ ದನಿಯೂ ಸ್ಪಷ್ಟವಾಗಿ ಕೇಳಿಸಿತು. ದೋಷ ಹುಡುಗನದಲ್ಲ, ಅವನ ಫೋನಿನದಲ್ಲ, ದಾರಿಯದು ಎಂಬುದು ಸ್ಥಿರವಾಯಿತು.

ಪರೀಕ್ಷಿಸಿದಾಗ ಮೂರು ಸಂಗತಿಗಳು ತಿಳಿದುಬಂದವು. ಮೊದಲನೆಯದಾಗಿ, ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಬಾಗಿಲ ಬಳಿ ಅಂತರ್ಜಾಲದ ಕಂಪನಿಯವರು ಹಾಕಿದುದು ಒಂದು. ಒಳಕೋಣೆಗೆ ವೈಫೈ ಸಿಗಲೆಂದು ನಾವು ಕೊಂಡು ತಂದುದು ಇನ್ನೊಂದು. ಎರಡೂ ವಾಚ್‌ಮನ್ನನ ಕೆಲಸ ಮಾಡುತ್ತಿದ್ದವು. ಇವುಗಳ ಹೊರಗೆ ಕಂಪನಿಯದೇ ಆದ ಇನ್ನೊಂದು ನ್ಯಾಟ್ ಇದ್ದಿತು. ಎರಡನೆಯದಾಗಿ, ಹುಡುಗನ ಕಡೆಯ ಮೊಬೈಲ್ ಜಾಲವು ಒಬ್ಬೊಬ್ಬರಿಗೂ ಬೇರೆ ಟೋಕನ್ ಕೊಡುವ ಕಟ್ಟುನಿಟ್ಟಿನದು. ಮೂರನೆಯದಾಗಿ, ನಮ್ಮ ಕರೆಯ ವ್ಯವಸ್ಥೆಯಲ್ಲಿ ಸ್ಟನ್ ಮಾತ್ರ ಇದ್ದಿತು; ಖರ್ಚಿನ ಕಾರಣದಿಂದ ಟರ್ನ್ ಸರ್ವರನ್ನು ಇಟ್ಟಿರಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಮಾತು ನಡೆದುದೇಕೆಂದರೆ, ಎರಡೂ ಫೋನುಗಳಿಗೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳಿದ್ದವು. 1998ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ವಿಳಾಸಗಳ ಸಂಖ್ಯೆ ಮೂವತ್ತೊಂಬತ್ತು ಅಂಕಿಗಳಷ್ಟು ದೊಡ್ಡದು. ಅಲ್ಲಿ ವಿಳಾಸ ಹಂಚಿಕೊಳ್ಳುವ ಅಗತ್ಯವೇ ಬೀಳದು. ನಮ್ಮ ಮನೆಯ ಲೈನಿಗೆ ಆಗ ಅದು ಇರಲಿಲ್ಲ.

ಹಳೆಯ ವಿದ್ಯಾರ್ಥಿಯವರು ಬಾಡಿಗೆಯ ಸರ್ವರೊಂದರಲ್ಲಿ ಟರ್ನನ್ನು ಅಳವಡಿಸಿದರು. ನಾವು ಎರಡನೆಯ ಪೆಟ್ಟಿಗೆಯ ನ್ಯಾಟನ್ನು ನಿಲ್ಲಿಸಿ, ಅದು ಬರಿಯ ವೈಫೈ ಹಂಚುವಂತೆ ಮಾಡಿದೆವು. ಅಂದಿನಿಂದ ಓದಿಸುವ ಕೆಲಸ ತಡೆಯಿಲ್ಲದೆ ನಡೆಯಿತು.

ಪಾಲಕರು ಮಾಡಬಹುದಾದುದು

ಇಂಥ ತೊಂದರೆ ನಿಮ್ಮ ಮನೆಯಲ್ಲಿ ಬಂದರೆ ಈ ಕ್ರಮವನ್ನು ಅನುಸರಿಸಿರಿ.

ಒಂದು: ಕರೆಯ ಸಾಧನಕ್ಕೆ ಮೈಕ್ ಮತ್ತು ಕ್ಯಾಮೆರಾ ಬಳಸುವ ಅನುಮತಿ ಇದೆಯೇ ಎಂದು ಮೊದಲು ನೋಡಿರಿ. ಎಷ್ಟೋ ಸಲ ದೋಷ ಇಲ್ಲಿಯೇ ಇರುತ್ತದೆ.

ಎರಡು: ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಕರೆಮಾಡಿರಿ. ಆಗ ನಡೆದರೆ ದೋಷವು ಮನೆಯ ಲೈನಿನದು ಅಥವಾ ರೌಟರಿನದು.

ಮೂರು: ಮನೆಯಲ್ಲಿ ಎರಡು ರೌಟರುಗಳಿದ್ದರೆ ಒಂದರ ನ್ಯಾಟನ್ನು ನಿಲ್ಲಿಸಿರಿ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಇದಕ್ಕೆ ‘ಆಕ್ಸೆಸ್ ಪಾಯಿಂಟ್’ ಅಥವಾ ‘ಬ್ರಿಡ್ಜ್’ ಎಂಬ ಹೆಸರಿರುವುದು.

ನಾಲ್ಕು: ರೌಟರಿನ ಸೆಟ್ಟಿಂಗಿನಲ್ಲಿ ಹೊರಗಿನ ವಿಳಾಸವನ್ನು ನೋಡಿರಿ. ಅದು 10, 192.168, 172.16ರಿಂದ 172.31 ಅಥವಾ 100.64ರಿಂದ 100.127ರೊಳಗಿನದಾದರೆ ಹೊರಗೆ ಇನ್ನೊಬ್ಬ ವಾಚ್‌ಮನ್ ಇದ್ದಾನೆಂದು ತಿಳಿಯಿರಿ. ಕಂಪನಿಯವರಲ್ಲಿ ಐಪಿವಿ6 ಕೊಡುವಂತೆ ಕೇಳಿರಿ.

ಐದು: ಕೆಲವು ರೌಟರುಗಳಲ್ಲಿ ‘ಎಸ್‌ಐಪಿ ಎಎಲ್‌ಜಿ’ ಎಂಬ ಏರ್ಪಾಡು ಇರುವುದು. ಅಂತರ್ಜಾಲದ ಟೆಲಿಫೋನುಗಳಿಗೆ ನೆರವಾಗಲೆಂದು ಇಟ್ಟ ಇದು ಅನೇಕ ಸಲ ಲಕೋಟೆಯ ಒಳಗಿನ ಬರಹವನ್ನೇ ತಪ್ಪಾಗಿ ತಿದ್ದಿ ಕೆಡಿಸುವುದುಂಟು. ಅಂಥ ಟೆಲಿಫೋನಿನಲ್ಲಿ ಒಬ್ಬರ ದನಿ ಮಾತ್ರ ಕೇಳಿಸುತ್ತಿದ್ದರೆ ಇದನ್ನು ನಿಲ್ಲಿಸಿ ನೋಡಿರಿ.

ಆರು: ರೌಟರಿನ ಎಲ್ಲ ಬಾಗಿಲುಗಳನ್ನೂ ತೆರೆದಿಡುವ ‘ಡಿಎಂಜೆಡ್’ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ವಾಚ್‌ಮನ್ನನನ್ನು ಕೆಲಸದಿಂದ ಬಿಡಿಸಿದರೆ ನೆಂಟರೊಡನೆ ಕಳ್ಳರೂ ಒಳಗೆ ಬರುವರು. ಟರ್ನಿನಂಥ ಸುತ್ತಿನ ದಾರಿಯುಳ್ಳ ಕರೆಯ ಸಾಧನವನ್ನು ಆರಿಸಿಕೊಳ್ಳುವುದೇ ಲೇಸು.

ಕೊನೆಯ ಮಾತು

2021ರ ಅಕ್ಟೋಬರ್ 4ರಂದು ಮಹಾರಾಷ್ಟ್ರದ ಪಟ್ಟಣಗಳಲ್ಲಿ ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಶಾಲೆಗಳು ತೆರೆದವು. ದೀಪಾವಳಿಯ ಅನಂತರ ಆ ಹುಡುಗನ ಕುಟುಂಬವೂ ಕಳವಾಕ್ಕೆ ಹಿಂತಿರುಗಿತು. ಅಷ್ಟರಲ್ಲಿ ಅವನು ಒಂಬತ್ತನೆಯ ತರಗತಿಗೆ ಬಂದಿದ್ದನು. ನಾವು ಹಳೆಯ ಹಾಜರಿ ಪುಸ್ತಕವನ್ನು ತೆಗೆದು, ಮೂರು ಕಡೆಯೂ ಬರೆದಿದ್ದ ‘ಉತ್ತರ ಕೊಡಲಿಲ್ಲ’ ಎಂಬುದನ್ನು ಅವನ ಎದುರಿಗೇ ಹೊಡೆದುಹಾಕಿ, ‘ಓದಿದನು, ನಮಗೆ ಕೇಳಿಸಲಿಲ್ಲ’ ಎಂದು ಬರೆದು ಸಹಿ ಮಾಡಿದೆವು. ಹುಡುಗನು ನಾಚಿ, “ಇರಲಿ ಬಿಡ್ರಿ ಸರ್” ಎಂದು ತನ್ನ ಜಾಗಕ್ಕೆ ಹೋಗಿ ಕುಳಿತನು.

ಪ್ರಿಯ ವಿದ್ಯಾರ್ಥಿಗಳೇ, ಯಂತ್ರಗಳ ಕಾಲದಲ್ಲಿ ನೀವು ಬೆಳೆಯುತ್ತಿರುವಿರಿ. ಮನೆಯ ಗೋಡೆಯ ಮೇಲಿರುವ ಪೆಟ್ಟಿಗೆ ಹೇಗೆ ಕೆಲಸ ಮಾಡುವುದೆಂದು ಕೇಳಿ ತಿಳಿದುಕೊಳ್ಳಿರಿ. ಕನ್ನಡದಲ್ಲಿಯೇ ಅದನ್ನು ತಾಯ್ತಂದೆಯರಿಗೂ ವಿವರಿಸಿರಿ. ಇನ್ನು ಗುರುಗಳಾದ ನಮಗೂ ಇದರಲ್ಲಿ ಒಂದು ಪಾಠವಿದೆ. ಮಗುವಿನ ದನಿ ಕೇಳಿಸದಿದ್ದಾಗ ಅದು ಮಾತನಾಡಲಿಲ್ಲವೆಂದು ಬರೆಯುವ ಮುನ್ನ, ನಮ್ಮ ಕಡೆಯ ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳಬೇಕು.